ಪೆಂಡ್ಲಿ ಗ್ರೀನ್ ಮತ್ತು ಬಾವಾ ಸ್ಟಾಪ್

ಪೆಂಡ್ಲಿ ಗ್ರೀನ್ ಎಂಬ ಊರನ್ನು ನಾನು ಕಂಡವನಲ್ಲ. ಇಂಗ್ಲೆಂಡಿನ ನೆಲವನ್ನೇ ಮೆಟ್ಟಿದವನಲ್ಲ. ಆದರೂ ಕಣ್ಣು ಕಟ್ಟಿ ಅಲ್ಲಿ ಬಿಟ್ಟರೆ ಬಾತುಕೋಳಿಗಳ ಕೆರೆಯಿಂದ ಇಗರ್ಜಿಯವರೆಗೆ ಎಡವದೆ ನಡೆದೇನು. ಆ ಊರಿನ ನಾಲ್ಕು ಕಾಲದ ನಾಲ್ಕು ನಕ್ಷೆಗಳನ್ನು ಈ ಕೈಯಲ್ಲೇ ಬರೆದಿದ್ದೇನೆ. ಕುವೈತಿನ ಒಂದು ಆಫೀಸಿನಲ್ಲಿ ಕೂತು, ಎಪ್ಪತ್ತೆಂಟನೇ ಇಸವಿಯಲ್ಲಿ, ನಾನು ಕಾಣದ ಆ ಊರಿಗೆ ಎಷ್ಟು ನಿಷ್ಠನಾಗಿದ್ದೆನೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಯಶೋಧರ, ಕಾರ್ಕಳದ ಕಡೆಯವನು. ಡಿಪ್ಲೊಮಾ ಮುಗಿಸಿ, ರಸ್ತೆಗಳ ವಿನ್ಯಾಸ ಮಾಡುವ ಒಂದು ಇಂಗ್ಲಿಷ್ ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ನನ್ನ ಮೇಲಧಿಕಾರಿ ಮಿಸ್ಟರ್ ಬ್ಯಾರೆಟ್. ಐವತ್ತೈದರ ಆಸುಪಾಸು, ಬಿಸಿಲಿಗೆ ಸುಟ್ಟ ಮೂಗು, ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯಲ್ಲಿ ತಪ್ಪನ್ನು ಹೊರಿಸಲು ಒಬ್ಬ ದೊರೆ ಸಿಕ್ಕಿದನೆಂದು ನೀವು ಸಮಾಧಾನ ಮಾಡಿಕೊಳ್ಳುವುದು ಬೇಡ.

ಅವರ ಬಳಿ ನನಗೆ ಎರಡು ಕೆಲಸ. ಹಗಲಿನ ಕೆಲಸ ಫಹಾಹೀಲಿನ ಕರಾವಳಿ ರಸ್ತೆಯದು. ಎರಡು ಸಾಲಿನ ರಸ್ತೆ ಆರು ಸಾಲಾಗಬೇಕಿತ್ತು, ಬಸ್ಸುಗಳಿಗೆ ಬೇರೆ ದಾರಿ ಬೇಕಿತ್ತು. ಆಫೀಸು ಮುಗಿದ ಮೇಲಿನ ಕೆಲಸ ಅವರ ಪುಸ್ತಕದ್ದು. ತಮ್ಮ ಹುಟ್ಟೂರು ಹಳ್ಳಿಯಾಗಿದ್ದದ್ದು ಲಂಡನ್ನಿನ ಒಂದು ಬಡಾವಣೆಯಾದದ್ದು ಹೇಗೆ ಎಂದು ಅವರು ಪುಸ್ತಕ ಬರೆಯುತ್ತಿದ್ದರು. ಅದಕ್ಕೆ ನಕ್ಷೆಗಳು ಬೇಕಿದ್ದವು. ಕೂಲಿ ಇಲ್ಲ. ಆದರೆ ನನ್ನನ್ನು ಸೀನಿಯರ್ ಎಂದು ಬರೆದು, ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾಕ್ಕೆ ಪತ್ರ ಕೊಡಬೇಕಾದವರು ಅವರೇ. ಚಂಪಾಳನ್ನು ಮದುವೆಯಾಗಿ ಎರಡು ವರ್ಷವಾಗಿತ್ತು. ಅವಳ ಜೊತೆ ಇದ್ದದ್ದು ಮೂವತ್ತೆಂಟು ದಿನ. ಗರಜು ಇದ್ದವನಿಗೆ ಬಾತುಕೋಳಿಯ ಕೆರೆಯೂ ಪುಣ್ಯತೀರ್ಥವೇ.

ಪೆಂಡ್ಲಿಯ ಕತೆ ಹೀಗಿದೆ. ಮೊದಲ ನಕ್ಷೆಯಲ್ಲಿ ಒಂದು ಹುಲ್ಲುಬಯಲು, ಅದೇ ಗ್ರೀನ್. ಸುತ್ತ ಮೂವತ್ತು ಮನೆ, ಒಂದು ಇಗರ್ಜಿ, ಒಂದು ಹೆಂಡದಂಗಡಿ, ಇಟ್ಟಿಗೆಯ ಗೂಡು. ಲಂಡನ್ನಿಗೆ ಹೋಗಬೇಕಾದವರು ಮಂಗಳವಾರ, ಶನಿವಾರ ಸಾಮಾನಿನ ಗಾಡಿ ಹತ್ತಿ ಮೂಟೆಗಳ ಮೇಲೆ ಕೂರಬೇಕು. ಆಮೇಲೆ ಕುದುರೆ ಬಸ್ಸು ಬಂತು. ಸಾವಿರದ ಎಂಟುನೂರ ಅರವತ್ತೆಂಟರಲ್ಲಿ ರೈಲು ಬಂತು. ರೈಲಿನ ಹಿಂದೆಯೇ ಊಟದ ಡಬ್ಬಿ ಹಿಡಿದ ಗುಮಾಸ್ತರು ಬಂದರು. ಅವರ ಹಿಂದೆ ಸಾಲುಮನೆಗಳು. ಟ್ರಾಮು ಬಂತು, ಹೋಯಿತು. ಕೆರೆ ಮುಚ್ಚಿದರು. ನಾಲ್ಕನೆಯ ನಕ್ಷೆಯ ಹೊತ್ತಿಗೆ ಹುಲ್ಲುಬಯಲು ಒಂದು ರೌಂಡಬೌಟು; ಪೆಂಡ್ಲಿ ಗ್ರೀನ್ ಎಂಬ ಹೆಸರು ಉಳಿದದ್ದು ಸ್ಟೇಷನ್ನಿನ ಬೋರ್ಡಿನಲ್ಲಿ ಮಾತ್ರ. ನಾನು ಪೆನ್ನು ಓಡಿಸುತ್ತ ಅಂದುಕೊಳ್ಳುತ್ತಿದ್ದೆ: ಇವರ ಊರಿಗೆ ನೂರು ವರ್ಷ ಹಿಡಿದದ್ದು ಇಲ್ಲಿ ಫಹಾಹೀಲಿಗೆ ಹದಿನೈದೇ ವರ್ಷ ಹಿಡಿಯಿತು. ಮೀನಿನ ದೋಣಿಗಳ ಊರು ಎಣ್ಣೆಯ ಊರಾಗಿ, ಮರದ ಬೆಂಚಿನ ಲಾರಿ ಹೋಗಿ ಬಸ್ಸು ಬಂದು, ಮಣ್ಣಿನ ಮನೆಗಳ ಹಿಂದೆ ಐದು ಮಾಳಿಗೆಯ ಫ್ಲಾಟುಗಳು ಎದ್ದಿದ್ದವು.

ಮೂರನೆಯ ನಕ್ಷೆಯಲ್ಲಿ ಒಂದು ಕಡೆ ಬ್ಯಾರೆಟ್ ನನ್ನ ಕೈ ಹಿಡಿದು ನಿಲ್ಲಿಸಿದರು. ರೈಲಿನ ಕಂಪೆನಿಯ ಹಳೇ ಪ್ಲಾನಿನ ಫೋಟೋ ಪ್ರತಿಯಲ್ಲಿ, ಕೆರೆಯ ಪಕ್ಕದ ಒಂದು ಚೌಕದ ಮೇಲೆ "ಶೆಡ್" ಎಂದು ಬರೆದಿತ್ತು.

"ಇದು ಶೆಡ್ ಅಲ್ಲ," ಎಂದರು. ಸಣ್ಣ ಕೆಮ್ಮೂ ಬರಲಿಲ್ಲ. "ಇದು ನನ್ನ ಮುತ್ತಜ್ಜನ ಮನೆ. ಸಾಮಾನಿನ ಗಾಡಿ ಹೊಡೆಯುತ್ತಿದ್ದದ್ದು ಅವನೇ. ಈ ಶೆಡ್ಡಿನಲ್ಲಿ ನನ್ನ ಮುತ್ತಜ್ಜಿ ಏಳು ಮಕ್ಕಳನ್ನು ಹೆತ್ತಳು. ನಕ್ಷೆಯಲ್ಲಿ ಶೆಡ್ ಎಂದಿತ್ತು, ಹಾಗಾಗಿ ಯಾರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಬಂದು ಕೆಡವಿದರು."

ನೂರಹತ್ತು ವರ್ಷದ ಹಿಂದಿನ ಮಾತು, ಆ ಮನುಷ್ಯ ನಿನ್ನೆ ನಡೆದಂತೆ ಹೇಳಿದರು. "ಯಾರೋ ಒಬ್ಬ ಡ್ರಾಫ್ಟ್ಸ್‌ಮನ್, ಯಶೋ," ಎಂದರು. "ಒಂದು ಶಬ್ದ ಬರೆದ, ಅಷ್ಟೆ. ನೀನು ಇಲ್ಲಿ ಮನೆ ಬರೆ. ಕೆಂಪು ಶಾಯಿಯಲ್ಲಿ. ಏಳು ಮಕ್ಕಳ ಹೆಸರನ್ನೂ ಹಾಕು."

ನಾನು ಹಾಕಿದೆ. ಹ್ಯಾನಾ, ಜೋಬ್, ಎಲೈಜಾ, ಮತ್ತುಳಿದವರು. ಎರಡು ಮಿಲಿಮೀಟರಿನ ಅಕ್ಷರ, ಒಂದೂ ಅಲುಗಿಲ್ಲ. ನನ್ನ ಕೈಬರಹವೆಂದರೆ ಅಷ್ಟು ಅಚ್ಚುಕಟ್ಟು.

ಈಗ ಫಹಾಹೀಲಿನ ಬಾವಾಕನ ಮನೆ. ಹೆಸರು ಬಾವಾಕುಂಞಿ, ಹಿರಿಯನೆಂದು ನಾವೆಲ್ಲ ಬಾವಾಕ ಎನ್ನುತ್ತಿದ್ದೆವು, ಬಸ್ಸಿನವರು ಬರೀ ಬಾವಾ ಎನ್ನುತ್ತಿದ್ದರು. ಉಳ್ಳಾಲದ ಬ್ಯಾರಿ. ಐವತ್ತೊಂಬತ್ತರಲ್ಲಿ ಬೊಂಬಾಯಿಯಿಂದ ಲಾಂಚಿನಲ್ಲಿ ಬಂದು, ಕತ್ತಿನವರೆಗಿನ ನೀರಿನಲ್ಲಿ ನಡೆದು ದಡ ಸೇರಿದವನು. ಕಾಗದಪತ್ರ ಆಮೇಲೆ ಹೇಗೋ ಆದವು. ಅವನ ಇಕಾಮಾದಲ್ಲಿ, ಎಂದರೆ ವಾಸದ ಪರವಾನಗಿಯಲ್ಲಿ, ಉದ್ಯೋಗ ತೋಟದ ಕಾವಲುಗಾರ ಎಂದಿತ್ತು. ಎಲ್ಲಿಯ ತೋಟವೋ, ಯಾವ ಕಾವಲೋ! ಅವನು ಮಾಡುತ್ತಿದ್ದದ್ದು ಚಾ ಮತ್ತು ಅನ್ನ. ಹಿಂದೆ ಒಬ್ಬ ಕುವೈತಿ ಮೀನುಗಾರನ ಮನೆಯಾಗಿದ್ದ ಹವಳದ ಕಲ್ಲಿನ ಕಟ್ಟಡ. ಮೀನುಗಾರನ ಮಕ್ಕಳು ಹೊಸ ಬಡಾವಣೆಯ ಬಂಗಲೆಗೆ ಹೋದಾಗ ಇದನ್ನು ಬಲೆ ಇಡುವ ಗೋದಾಮು ಎಂಬ ಲೆಕ್ಕದಲ್ಲಿ ಬಾವಾಕನಿಗೆ ಬಿಟ್ಟಿದ್ದರು. ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು, ಸೀಮೆಎಣ್ಣೆಯ ಎರಡು ಒಲೆ. ಹಿಂದೆ ಅಂಗಳದ ಸುತ್ತ ಮೂರು ಕೋಣೆಗಳಲ್ಲಿ ನಾವು ಒಂಬತ್ತು ಜನ. ಎದುರಿಗೆ ಬಸ್ಸು ನಿಲ್ಲುತ್ತಿತ್ತು. ಅಲ್ಲಿ ಕಂಬವಿಲ್ಲ, ಬೋರ್ಡಿಲ್ಲ. ಡ್ರೈವರು ಬ್ರೇಕು ಹಾಕಿ "ಬಾವಾ!" ಎಂದು ಕೂಗಿದರೆ ಇಳಿಯುವವರು ಇಳಿಯಬೇಕು.

ನಾನು ಎಪ್ಪತ್ನಾಲ್ಕರಲ್ಲಿ ಬಂದಾಗ ವೀಸಾ ಕೊಟ್ಟು ಕರೆಸಿದ ಯಜಮಾನ, ಕಫೀಲ್, ಅಂಗಡಿ ಮುಚ್ಚಿ ಬೈರೂತಿಗೆ ಹೋಗಿಯಾಗಿತ್ತು. ನಾಲ್ಕು ತಿಂಗಳು ನನಗೆ ಅನ್ನ ಹಾಕಿದವನು ಬಾವಾಕ. ಒಂದು ದಿನವೂ ಅದರ ಮಾತೆತ್ತಲಿಲ್ಲ. ನಾನೇ ಎತ್ತಿದರೆ, "ಮೀನಿನ ಸಾರು ಹೇಗುಂಟು, ಅದು ಹೇಳು ಮಾರಾಯ. ನಮ್ಮ ಊರಿನ ಪುನರ್ಪುಳಿ ಹಾಕ್ಬೇಕಿತ್ತು ಇದಕ್ಕೆ. ಈ ಹುಣಸೆಹುಳಿ ಹಾಕಿ ಹಾಕಿ ನನ್ನ ನಾಲಗೆ ಸತ್ತು ಹೋಯ್ತು" ಎನ್ನುತ್ತಿದ್ದ. ಇಂಗ್ಲಿಷ್ ಕಂಪೆನಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಕ್ಯಾಂಪಿನಲ್ಲಿ ನನ್ನ ಹೆಸರಿನದೊಂದು ಮಂಚ ಕೊಟ್ಟರು. ಕ್ಯಾಂಪು ಬಿಟ್ಟು ಹೊರಗೆ ಇರಕೂಡದೆಂಬ ನಿಯಮವೂ ಇತ್ತು. ನಾನು ಮಲಗುತ್ತಿದ್ದದ್ದು ಬಾವಾಕನಲ್ಲಿಯೇ. ಅವನ ಕತೆಗಳನ್ನೇ ಚಂಪಾಳಿಗೆ ಕಾಗದದಲ್ಲಿ ಬರೆಯುತ್ತಿದ್ದೆ. ಹೊಸ ಹೆಂಡತಿಗೆ ಬರೆಯಲು ಬೇರೆ ಏನಿತ್ತು ನನ್ನ ಬಳಿ?

ನವೆಂಬರಿನಲ್ಲಿ ಬ್ಯಾರೆಟ್ ನನ್ನ ಕೈಗೆ ಸರ್ವೆ ಹಾಳೆಗಳ ಕಟ್ಟು ಕೊಟ್ಟರು. ರಸ್ತೆಯ ಮಧ್ಯಗೆರೆಯ ಎರಡೂ ಬದಿಗೆ ಮೂವತ್ತು ಮೀಟರಿನೊಳಗೆ ಬರುವ ಕಟ್ಟಡಗಳನ್ನೆಲ್ಲ ಅಳೆದು ಬರೆಯಬೇಕು. ಕಟ್ಟಡದ ಬಗೆ ಏನು, ವಾಸ ಇದೆಯೇ, ಎಷ್ಟು ಜನ, ಅವರ ಹೆಸರು, ಇಕಾಮಾ ನಂಬರು. ಮಧ್ಯಗೆರೆ ಬಾವಾಕನ ಒಲೆಗಳ ಮೇಲೇ ಹಾದುಹೋಗುವುದು ನನಗೆ ಮೊದಲೇ ಗೊತ್ತಿತ್ತು. ಎಳೆದವನು ನಾನೇ ಅಲ್ಲವೇ? ರಸ್ತೆಯ ತಿರುವಿನ ಲೆಕ್ಕ ಅಲ್ಲಿಗೇ ಬರುತ್ತಿತ್ತು. ಅದರಲ್ಲಿ ನನ್ನದೇನೂ ಇರಲಿಲ್ಲ. ನನ್ನದಾದದ್ದು ಆಮೇಲಿನದು.

ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕುವ ಹೊತ್ತಿನಲ್ಲಿ ಟೇಪು ಹಿಡಿದು ಬಾವಾಕನಲ್ಲಿಗೆ ಹೋದೆ. ಮಾಡು ಅಳೆಯುವಾಗ ಜಂತೆಗಳನ್ನೂ ಎಣಿಸಿದೆ. ಆಫ್ರಿಕದಿಂದ ದೋಣಿಯಲ್ಲಿ ತಂದ ಮರದ ಗಳಗಳು, ಹನ್ನೊಂದು. ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಬಾವಾಕನೇ ನಗುತ್ತ ಟೇಪಿನ ಇನ್ನೊಂದು ತುದಿ ಹಿಡಿದ. ನನ್ನ ಕೋಣೆಯವನಾದ ರೋಹಿದಾಸ, ಸ್ಪೇರ್ ಪಾರ್ಟ್ಸ್ ಅಂಗಡಿಯ ಸೇಲ್ಸ್‌ಮನ್, ಬೆಂಚಿನ ಮೇಲೆ ಕಾಲು ಚಾಚಿ ನೋಡುತ್ತಿದ್ದ.

ಹೆಸರು, ಇಕಾಮಾ ನಂಬರಿನ ಕಾಲಮ್ಮು ಓದಿ ಹೇಳಿದೆ. ಬಾವಾಕನ ನಗು ನಿಂತಿತು.

"ಇದು ಎಲ್ಲಿಗೆ ಹೋಗ್ತದೆ?"

"ಆಫೀಸಿಗೆ. ಅಲ್ಲಿಂದ ಸರಕಾರಕ್ಕೆ ಇರಬಹುದು."

"ನಂದು ಕಾವಲುಗಾರ ಅಂತ ಉಂಟು. ಇಲ್ಲಿ ಚಾ ಮಾಡುದು ಅಂತ ಬರೆದ್ರೆ ಖಲಾಸ್. ಒಳಗೆ ಮಲಗುವ ಮೂರು ಜನಕ್ಕೆ ಇಕಾಮಾವೇ ಇಲ್ಲ. ಎಂತ ಮಾಡುದು, ಯಶೋಧರಾ?"

ಕೊಲ್ಲಿಯಲ್ಲಿ ನಾಲ್ಕು ವರ್ಷ ಕಳೆದವನಿಗೆ ಫಾರ್ಮು ಕಂಡರೆ ಒಂದೇ ಬುದ್ಧಿ ಓಡುತ್ತದೆ: ನಾನಿಲ್ಲ ಎನ್ನು. ಕೇಳಿದವನು ಯಾರು, ಯಾತಕ್ಕೆ ಕೇಳಿದ, ನೋಡುವುದೇ ಇಲ್ಲ. ನನಗೂ ಅದೇ ಓಡಿತು. ಆದರೆ ಅದರ ಕೆಳಗೆ ಇನ್ನೊಂದು ಇತ್ತು, ಅದನ್ನು ಅಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಹಾಳೆಯಲ್ಲಿ ಒಂಬತ್ತು ಹೆಸರು ಬರೆದರೆ ಅದರಲ್ಲೊಂದು ನನ್ನದು. ಕ್ಯಾಂಪಿನ ಮಂಚ ಬಿಟ್ಟು, ತಾನೇ ಅಳೆಯಬೇಕಾದ ಮನೆಯಲ್ಲಿ, ಇಕಾಮಾ ಇಲ್ಲದವರ ಜೊತೆ ಮಲಗುವ ಡ್ರಾಫ್ಟ್ಸ್‌ಮನ್ನಿಗೆ ಬ್ಯಾರೆಟ್ ಯಾವ ಪತ್ರ ಕೊಟ್ಟಾರು?

"ಗೋದಾಮು ಅಂತ ಬರೀತೇನೆ, ಬಾವಾಕ," ಎಂದೆ. "ವಾಸ ಇಲ್ಲ ಅಂತ. ಬಾಡಿಗೆ ಕಾಗದದಲ್ಲೂ ಹಾಗೇ ಉಂಟಲ್ಲ."

ರೋಹಿದಾಸ ಕಾಲು ಕೆಳಗಿಳಿಸಿದ. "ಯಾರೂ ಇಲ್ಲದ್ದು ಅಂತ ಬರೆದ ಮೇಲೆ, ನಾಳೆ ನಾವು ಇದ್ದೇವೆ ಅಂತ ಹೇಳುದು ಹೇಗೆ ಮಾರಾಯ?"

"ನೀನು ಸುಮ್ಮನಿರು," ಎಂದ ಬಾವಾಕ. "ಹುಡುಗ ಕಲಿತವ. ಅವನಿಗೆ ಗೊತ್ತುಂಟು." ಎಂದು ನನಗೆ ಚಾ ಕೊಟ್ಟ, ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿ.

ಕಲಿತವ! ಸರ್ವೆ ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದ ಸೂಚನೆ ಇತ್ತು. ದಿನವಿಡೀ ಎರಡು ಮಿಲಿಮೀಟರಿನ ಅಕ್ಷರ ಬರೆಯುವ ನಾನು ಅದನ್ನು ಓದಿದ್ದು ಜನವರಿಯಲ್ಲಿ, ಕೊನೆಯ ನಕ್ಷೆಗೆ ಗೆರೆ ತುಂಬುವಾಗ. ವಾಸವಿರುವ ಕಟ್ಟಡಕ್ಕೆ ಓರೆಗೆರೆ ಹಾಕಬೇಕು, ಇಲ್ಲದ್ದನ್ನು ಖಾಲಿ ಬಿಡಬೇಕು. ಯಾಕೆಂದು ನೋಡಲು ಹಾಳೆ ತಿರುಗಿಸಿದೆ. ವಾಸವಿದ್ದರೆ ತೆರವಿಗೆ ಮೂರು ತಿಂಗಳ ನೋಟಿಸು. ಅಂಗಡಿ ನಡೆಯುತ್ತಿದ್ದರೆ, ನಡೆಸುವವನು ಯಾರೇ ಇರಲಿ, ಹೊಸ ಮಾರ್ಕೆಟ್ಟಿನ ಸಾಲಿನಲ್ಲಿ ಅವನಿಗೊಂದು ಕೋಣೆ. ಖಾಲಿ ಗೋದಾಮಿಗೆ ಏಳು ದಿನ. ಹೆಸರು ಮತ್ತು ಇಕಾಮಾ ನಂಬರು ಕೇಳಿದ್ದು ಆ ಕೋಣೆಯನ್ನು ಬರೆದುಕೊಡುವುದಕ್ಕೆ. ಹಾಳೆಗಳು ಆಫೀಸು ಬಿಟ್ಟು ಎಲ್ಲಿಗೂ ಹೋಗುವುದಿಲ್ಲವೆಂದೂ ಅಲ್ಲಿಯೇ ಅಚ್ಚಾಗಿತ್ತು.

ಓದಿ ನಾನು ಏನು ಮಾಡಿದೆನೆಂದು ಕೇಳಿ. ಮೇಜಿನ ಮೇಲೆ ಬ್ಲೇಡು ಇತ್ತು. "ಸ್ಟೋರ್" ಎಂಬ ಶಬ್ದವನ್ನು ಕೆರೆದು ತೆಗೆದು ಹದಿನೈದು ಓರೆಗೆರೆ ಎಳೆಯಲು ಐದು ನಿಮಿಷ ಸಾಕು. ಹಾಳೆಯನ್ನು ತಿದ್ದಿ, ಬ್ಯಾರೆಟ್ ಬಳಿ ಹೋಗಿ, ತಪ್ಪಾಯಿತು ಸಾರ್ ಎನ್ನಬೇಕಿತ್ತು. ಅವರ ಮೇಜಿನ ಮೇಲೆ ನನ್ನ ವೀಸಾದ ಪತ್ರ ಟೈಪಾಗಿ ಕೂತಿತ್ತು. ಗುರುವಾರ ಸಹಿ ಹಾಕುತ್ತೇನೆ ಎಂದಿದ್ದರು. ಅಂದು ಸೋಮವಾರ. ಗುರುವಾರ ಕಳೆಯಲಿ ಎಂದುಕೊಂಡೆ. ಗುರುವಾರ ಸಹಿಯಾಯಿತು, ಶನಿವಾರ ನಕ್ಷೆಯೂ ಪ್ರಿಂಟಿಗೆ ಹೋಯಿತು. ಪ್ರಿಂಟಿನ ಯಂತ್ರದ, ಮೂಗಿಗೆ ಹೊಡೆಯುವ ಅಮೋನಿಯದ ವಾಸನೆಯ ನಡುವೆ ಹನ್ನೆರಡು ಪ್ರತಿಗಳು ಹೊರಗೆ ಬಂದವು. ಹನ್ನೆರಡರಲ್ಲೂ ಬಾವಾಕನ ಮನೆ ಖಾಲಿ ಚೌಕ.

ಪತ್ರಕ್ಕೆ ಸಹಿಯಾದರೆ ವೀಸಾ ಆದಂತಲ್ಲ. ಅದು ನಾನಾ ಕಚೇರಿ ಸುತ್ತಬೇಕು, ನಡುವೆ ಯಾರಾದರೂ ಫೋನು ಮಾಡಿ ಈ ಮನುಷ್ಯ ನಂಬಿಕಸ್ಥನೇ ಎಂದು ಬ್ಯಾರೆಟ್‌ರನ್ನು ಕೇಳಬಹುದು. ಹೆದರಿಕೆಗೆ ಗುರುವಾರ, ಶನಿವಾರ ಇರುವುದಿಲ್ಲ. ಬಾಯಿ ಮುಚ್ಚಿಕೊಂಡೇ ಇದ್ದೆ. ರಾತ್ರಿ ಬಾವಾಕ ಬಡಿಸಿದ್ದನ್ನು ಉಂಡೆ.

ಮಾರ್ಚಿನಲ್ಲಿ ಬಾವಾಕನ ಬಾಗಿಲಿಗೆ ನೋಟಿಸು ಅಂಟಿತು. ಏಳು ದಿನ. ನೆರೆಯ ಕ್ಷೌರದಂಗಡಿಯ ಜೋಕಿಮ್‌ಗೆ ಮೂರು ತಿಂಗಳು, ಜೊತೆಗೆ ಹೊಸ ಮಾರ್ಕೆಟ್ಟಿನಲ್ಲಿ ಕೋಣೆ. ಅವನು ತನ್ನ ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಸಿದ್ದ. ಕಟ್ಟಡದ ಯಜಮಾನನಿಗೆ ನೆಲದ ಪರಿಹಾರ ಸಿಕ್ಕಿ ಆತ ಸಂತೋಷವಾಗಿದ್ದ. ಬಾವಾಕನ ಪರವಾಗಿ ಮಾತಾಡುವ ಗರಜು ಅವನಿಗೇನು?

ಮೂರನೆಯ ದಿನ ಬಾವಾಕ ಆಫೀಸಿಗೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೊಪ್ಪಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಮಡಿಸಿದ ನೋಟಿಸು. ನಾನು ಬರಬೇಡವೆಂದು ಹೇಳಿದ್ದೆ. ಅವನು ನನ್ನನ್ನು ನೋಡಲು ಬಂದದ್ದಲ್ಲ. ನೇರ ಬ್ಯಾರೆಟ್ ಕೋಣೆಗೆ ಹೋಗಿ, ಇಪ್ಪತ್ತು ವರ್ಷದಲ್ಲಿ ಕಲಿತ ಅರಬ್ಬಿ, ಹಿಂದಿ, ಇಂಗ್ಲಿಷನ್ನು ಒಟ್ಟಿಗೆ ಕಲಸಿ, ತನ್ನ ಹೋಟೆಲಿನ ಕತೆ ಹೇಳಿದ. ಬ್ಯಾರೆಟ್ ನಕ್ಷೆ ಬಿಚ್ಚಿದರು. ಬೆರಳಿಟ್ಟು ನೋಡಿದರು. ನನ್ನನ್ನು ಕರೆಸಿದರು.

ಕೋಣೆಯ ಗೋಡೆಯ ಮೇಲೆ ಪೆಂಡ್ಲಿ ಗ್ರೀನಿನ ಮೂರನೆಯ ನಕ್ಷೆ ಇತ್ತು. ಫ್ರೇಮು ಹಾಕಿಸಿದ್ದರು. ಕೆರೆಯ ಪಕ್ಕ ಕೆಂಪು ಮನೆ, ಏಳು ಹೆಸರು. ಅದರ ಕೆಳಗೆ ಬಾವಾಕ ನಿಂತಿದ್ದ.

ಸಣ್ಣ ಕೆಮ್ಮು. "ಯಶೋ, ಈ ಮನುಷ್ಯ ಇಲ್ಲಿ ಹೋಟೆಲು ಇತ್ತು ಎನ್ನುತ್ತಿದ್ದಾನೆ. ಜನ ವಾಸವಿದ್ದರು ಎನ್ನುತ್ತಿದ್ದಾನೆ. ಇದನ್ನು ಸರ್ವೆ ಮಾಡಿದವನು ನೀನು. ಏನಾದರೂ ತಪ್ಪಾಗಿದ್ದರೆ ಹೇಳು. ತಿದ್ದೋಣ. ನಕ್ಷೆಯಲ್ಲಿ ಒಂದು ಶಬ್ದ ತಪ್ಪಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹೀಗೆ ಕೇಳಿದರು. ಇದಕ್ಕಿಂತ ಮೆತ್ತಗೆ ಯಾವ ಅಧಿಕಾರಿ ಕೇಳಿಯಾನು? ಬಾಗಿಲು ತೆರೆದಿಟ್ಟು, ಬಾ ಒಳಗೆ, ಎಂದಂತೆ ಕೇಳಿದರು. ಬಾವಾಕ ನನ್ನನ್ನು ನೋಡುತ್ತಿದ್ದ. ಹೆದರಿಕೆ ಇರಲಿಲ್ಲ ಅವನ ಮುಖದಲ್ಲಿ. ನಮ್ಮ ಹುಡುಗ ಬಂದ, ಇನ್ನು ಆಯಿತು, ಎಂಬ ನಿಶ್ಚಿಂತೆ ಇತ್ತು.

ವೀಸಾ ಇನ್ನೂ ಬಂದಿರಲಿಲ್ಲ.

"ಇಲ್ಲ ಸಾರ್," ಎಂದೆ. "ನಾನು ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ. ಗೋದಾಮು."

ಇಂಗ್ಲಿಷಿನಲ್ಲಿ ಹೇಳಿದೆ. ಬಾವಾಕನಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಅವನ ಬಾಯಿ ಸ್ವಲ್ಪ ತೆರೆಯಿತು. ನನ್ನ ಹೆಸರು ಹೇಳುತ್ತಾನೆ, ಸಾರ್ ಇವನು ನನ್ನಲ್ಲೇ ಮಲಗುವವ, ನಿನ್ನೆ ರಾತ್ರಿ ಬಂಗುಡೆ ಸಾರು ಉಂಡವ ಎನ್ನುತ್ತಾನೆ ಎಂದು ನಾನು ಕಾದೆ. ಹೇಳಿಬಿಡಲಿ ಎಂದೂ ಒಂದು ಗಳಿಗೆ ಅನ್ನಿಸಿತು. ಅವನು ನನ್ನ ಮುಖವನ್ನೂ ಮೇಜಿನ ಕಾಗದಗಳನ್ನೂ ಒಮ್ಮೆ ನೋಡಿದ. ಆ ತಲೆಯಲ್ಲಿ ಏನು ಲೆಕ್ಕ ನಡೆಯಿತೋ. ಚಂಪಾಳ ವೀಸಾದ ಸುದ್ದಿ ಅವನಿಗೆ ಗೊತ್ತಿತ್ತು, ದಿನಾ ಕೇಳುತ್ತಿದ್ದ.

"ಸಾರಿ ಸಾರ್," ಎಂದು ಬ್ಯಾರೆಟ್ ಕಡೆ ತಿರುಗಿದ. "ಮೈ ಮಿಸ್ಟೇಕ್. ಅದು ಬೇರೆ ಜಾಗ. ಹಳೇ ತಲೆ, ಮರೆತು ಹೋಗ್ತದೆ."

ನೋಟಿಸನ್ನು ಮತ್ತೆ ಚೀಲದೊಳಗೆ ಮಡಿಸಿಟ್ಟು ಹೊರಟ. ಬಾಗಿಲಲ್ಲಿ ನನ್ನ ಪಕ್ಕದಲ್ಲೇ ಹಾದ. ತಗ್ಗಿದ ದನಿಯಲ್ಲಿ, ನಮ್ಮ ಭಾಷೆಯಲ್ಲಿ, "ಮಧ್ಯಾಹ್ನ ಊಟಕ್ಕೆ ಬಾ. ಪಾತ್ರೆ ಎಲ್ಲ ನಾಳೆ ಕಟ್ಟುದು" ಎಂದ.

ನಾನು ಹೋಗಲಿಲ್ಲ.

"ಎಲ್ಲರೂ ಹೀಗೇ," ಎಂದರು ಬ್ಯಾರೆಟ್, ನಕ್ಷೆ ಸುತ್ತುತ್ತ. "ಪರಿಹಾರ ಎಂದರೆ ಸಾಕು, ಪ್ರತಿಯೊಬ್ಬನದೂ ಒಂದೊಂದು ಅಂಗಡಿ ಇತ್ತು." ಅವರನ್ನು ಬೈಯಲು ನನಗೆ ಯಾವ ಬಾಯಿ? ಅವರು ತಮ್ಮ ಡ್ರಾಫ್ಟ್ಸ್‌ಮನ್ನನ್ನು ನಂಬಿದರು.

ಆ ದಿನವೇ ಕ್ಯಾಂಪಿನ ಮಂಚಕ್ಕೆ ಹೋದೆ. ಟ್ರಂಕನ್ನು ರೋಹಿದಾಸ ತಂದುಕೊಟ್ಟ. ಗೇಟಿನ ಹೊರಗೇ ಇಟ್ಟು, "ಬೀಗದ ಕೈ ಮೇಲೆ ಉಂಟು" ಎಂದ. ಮತ್ತೆ ಅವನು ನನ್ನೊಂದಿಗೆ ಮಾತಾಡಿಲ್ಲ. ಏಳನೆಯ ದಿನ ಬೆಳಿಗ್ಗೆ ಬುಲ್‌ಡೋಜರು ಬಂತೆಂದೂ ಹನ್ನೊಂದು ಗಳಗಳು ಬೇಗ ಮುರಿಯಲಿಲ್ಲವೆಂದೂ ಜೋಕಿಮ್ ಹೇಳಿದ. ಬಾವಾಕ ಒಂದು ವಾರ ಅವರಿವರ ಕೋಣೆಯಲ್ಲಿದ್ದನಂತೆ. ಕೋಣೆಯಿಲ್ಲದೆ ಒಲೆ ಇಡುವುದೆಲ್ಲಿ, ಒಲೆಯಿಲ್ಲದೆ ಬಾವಾಕ ಇರುವುದೆಲ್ಲಿ? ಏಪ್ರಿಲಿನಲ್ಲಿ ಊರಿಗೆ ಹೋದ. ಇಪ್ಪತ್ತು ವರ್ಷದ ಹಿಂದೆ ನೀರಿನಲ್ಲಿ ನಡೆದು ಬಂದವನು ಹೋಗುವಾಗ ವಿಮಾನದಲ್ಲಿ ಹೋದ. ಅದನ್ನೊಂದು ಏಳಿಗೆ ಎಂದು ಬೇಕಾದರೆ ಕರೆಯಿರಿ.

ಅದೇ ತಿಂಗಳು ವೀಸಾ ಬಂತು. ಬ್ಯಾರೆಟ್‌ಗೆ ಯಾರೂ ಫೋನೇ ಮಾಡಿರಲಿಲ್ಲ.

ಚಂಪಾ ಅಕ್ಟೋಬರಿನಲ್ಲಿ ಬಂದಳು. ಮೈದಾನ್ ಹವಲ್ಲಿಯಲ್ಲಿ ಫ್ಲಾಟು ಮಾಡಿದ್ದೆ. ಬಂದ ಎರಡನೆಯ ದಿನವೇ, "ಬಾವಾಕನಲ್ಲಿಗೆ ಯಾವಾಗ ಹೋಗುದು?" ಎಂದಳು. ಈ ವಾರ ರಜೆಯಿಲ್ಲ, ಎಂದೆ. ಬಸ್ಸು ತುಂಬಾ ರಶ್, ಎಂದೆ. ಮೂರು ಶುಕ್ರವಾರ ಹೀಗೇ ದಾಟಿಸಿದೆ. ನಾಲ್ಕನೆಯ ಶುಕ್ರವಾರ ಫಹಾಹೀಲಿನ ಮಾರ್ಕೆಟ್ಟಿನಿಂದ ಮೀನು ತರೋಣವೆಂದು ಹಟ ಹಿಡಿದಳು. ಬಸ್ಸು ಈಗ ಹೊಸ ರಸ್ತೆಯಲ್ಲಿ ಎಲ್ಲಿಯೂ ನಿಲ್ಲದೆ ಮಾರ್ಕೆಟ್ಟಿಗೇ ಹೋಗುತ್ತದೆ, ಗೊತ್ತಾಗುವುದಿಲ್ಲ ಎಂದುಕೊಂಡು ಹೊರಟೆ.

ರಸ್ತೆ ಚೆನ್ನಾಗಿತ್ತು. ಇದನ್ನೂ ಹೇಳಬೇಕು. ಆರು ಸಾಲು, ನುಣ್ಣನೆ, ನಾನು ಎಳೆದ ತಿರುವು ಒಂದಿಷ್ಟೂ ಕುಲುಕದೆ ಬಸ್ಸನ್ನು ಹೊತ್ತುಕೊಂಡು ಹೋಯಿತು. ಸಮುದ್ರ ಕಾಣುತ್ತಿತ್ತು. ಚಂಪಾ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಆಗ ಪಠಾಣ ಡ್ರೈವರು ಬ್ರೇಕು ಒತ್ತಿ, ತಲೆ ಹಿಂದೆ ಮಾಡಿ ಕೂಗಿದ: "ಬಾವಾ! ಚಲೋ ಭಾಯಿ, ಬಾವಾ ಕೋಯಿ ಹೈ?"

ಹೊಸದಾಗಿ ನೆಟ್ಟ ಕಂಬದಲ್ಲಿ ಬೇರೆ ಏನೋ ಬರೆದಿತ್ತು. ಅವನಿಗೆ ಅದು ಬೇಡವಾಗಿತ್ತು.

ನಾನು ಅವಳ ಕೈ ಹಿಡಿಯುವುದರೊಳಗೆ ಚಂಪಾ ಎದ್ದಾಗಿತ್ತು. ಮುಖವೆಲ್ಲ ನಗು. ಚೀಲದಿಂದ ಒಂದು ಪೊಟ್ಟಣ ತೆಗೆದು ಎದೆಗೆ ಒತ್ತಿಕೊಂಡು, ಜನರನ್ನು ಸರಿಸಿ ಇಳಿದೇಬಿಟ್ಟಳು. ನಾನೂ ಇಳಿದೆ. ಬಸ್ಸು ಹೋಯಿತು.

ಡಾಂಬರು, ರಸ್ತೆಯ ಅಂಚಿಗೆ ಕರ್ಬಿನ ಕಲ್ಲು, ನಡುವೆ ಕಣಗಿಲೆಯ ಸಸಿಗಳಿಗೆ ನೀರು ಬಿಡುವ ಕಪ್ಪು ಪೈಪು. ಬೇರೇನೂ ಇಲ್ಲ. ಅವಳು ಆ ಕಡೆ ಈ ಕಡೆ ನೋಡಿದಳು. ಪೊಟ್ಟಣದಿಂದ ಪುನರ್ಪುಳಿಯ ವಾಸನೆ ಬರುತ್ತಿತ್ತು; ಬರುವಾಗ ಬಾವಾಕನಿಗೆ ತಾ ಎಂದು ನಾನೇ ಒಮ್ಮೆ ಬರೆದಿದ್ದೆ.

"ಮನೆ ಎಲ್ಲಿ?" ಎಂದಳು.

"ಇಲ್ಲಿ ಮನೆ ಇರಲಿಲ್ಲ ಚಂಪಾ," ಎಂದೆ. ಯಾಕೆ ಹಾಗೆ ಬಾಯಿಗೆ ಬಂತೋ. ಒಮ್ಮೆ ಹೇಳಿ ರೂಢಿಯಾಗಿತ್ತೇನೋ. "ಒಂದು ಗೋದಾಮಿತ್ತು."

ಅವಳು ನನ್ನನ್ನೇ ನೋಡಿದಳು. ಹಾಗೆ ಅವಳು ನೋಡಿದ್ದು ಅದೇ ಮೊದಲು. "ನೀವು ಬರೆದ ಎಲ್ಲ ಕಾಗದದಲ್ಲಿಯೂ ಇತ್ತಲ್ಲ," ಎಂದಳು. "ಎರಡು ಒಲೆ, ನಾಲ್ಕು ಬೆಂಚು, ಅಂಗಳ. ಒಂಬತ್ತು ಜನರ ಹೆಸರೂ ನನಗೆ ಗೊತ್ತುಂಟು. ಹೇಳಲಾ?"

ಹೇಳಿದಳು. ರೋಹಿದಾಸನಿಂದ ಸುರುಮಾಡಿ, ಬೆರಳು ಮಡಿಸಿ ಮಡಿಸಿ, ಎಂಟು ಹೆಸರು. ಒಂಬತ್ತನೆಯದಕ್ಕೆ, ನನ್ನ ಹೆಸರಿಗೆ, ನಿಲ್ಲಿಸಿದಳು.

ಅಲ್ಲೇ ಕರ್ಬಿನ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ. ಪೆಂಡ್ಲಿ ಗ್ರೀನು, ಕೆಂಪು ಮನೆ, ಹಾಳೆಯ ಹಿಂಬದಿ, ಟೈಪಾದ ಪತ್ರ. ನಿನಗಾಗಿ ಮಾಡಿದೆ ಎಂದೂ ಹೇಳಿದೆ. ಅದನ್ನೊಂದು ಹೇಳಬಾರದಿತ್ತು. ಅವಳು ಪೊಟ್ಟಣವನ್ನು ಮತ್ತೆ ಚೀಲದೊಳಗೆ ಹಾಕಿಕೊಂಡಳು. ಮುಂದಿನ ಬಸ್ಸು ಬಂದಾಗ ಹತ್ತಿದಳು, ಬೇರೆ ಸೀಟಿನಲ್ಲಿ ಕೂತಳು.

ಬ್ಯಾರೆಟ್‌ರ ಪುಸ್ತಕ ಎಂಬತ್ತೊಂದರಲ್ಲಿ ಬಂತು. ಮೊದಲ ಪುಟದಲ್ಲಿ ನನಗೆ ಕೃತಜ್ಞತೆ ಇದೆ. ತಪ್ಪಿದ್ದನ್ನು ತಿದ್ದಿದ ಪ್ರಾಮಾಣಿಕ ಕೈಗೆ, ಎಂದು ಬರೆದಿದ್ದಾರೆ. ಚಂಪಾಳಿಗೆ ತೋರಿಸಲಿಲ್ಲ. ಅವಳು ಮನೆ ಚೆನ್ನಾಗಿಯೇ ನಡೆಸುತ್ತಾಳೆ, ನಗುತ್ತಾಳೆ, ಮಗಳಿಗೆ ಕನ್ನಡ ಹೇಳಿಕೊಡುತ್ತಾಳೆ. ಪುನರ್ಪುಳಿಯ ಪೊಟ್ಟಣ ಅಡುಗೆಮನೆಯ ಮೇಲಿನ ಅಟ್ಟದಲ್ಲಿದೆ, ದಾರ ಬಿಚ್ಚಿಲ್ಲ. ಶುಕ್ರವಾರ ನಾನು ಮೀನು ತಂದರೆ ಸಾರಿಗೆ ಹುಣಸೆಹುಳಿಯನ್ನೇ ಹಾಕುತ್ತಾಳೆ.